ಉಸಿರಿನ ವೈದ್ಯರು ಎಲ್ಲಿಂದ ಬಂದರು?



ಕೊಯಮತ್ತೂರಿಗೋ ತಿರುಪ್ಪೂರಿಗೋ ಬಸ್ಸಿನಲ್ಲಿ ಹೋಗುವಾಗ ದೊಡ್ಡ ಆಸ್ಪತ್ರೆಗಳ ಮುಂದಿನ ಫಲಕಗಳನ್ನು ನೀವು ಓದಿರುತ್ತೀರಿ. ಹೃದಯದ ವೈದ್ಯರು, ಮೂಳೆಯ ವೈದ್ಯರು, ಕಣ್ಣಿನ ವೈದ್ಯರು ಎಂಬ ಸಾಲಿನಲ್ಲಿ ಒಂದು ಹೆಸರು ಮಾತ್ರ ಸ್ವಲ್ಪ ಉದ್ದವಾಗಿರುತ್ತದೆ: ಶ್ವಾಸಕೋಶ ಹಾಗೂ ತೀವ್ರ ನಿಗಾ ತಜ್ಞರು. ತಮಿಳಿನಲ್ಲಾದರೆ 'ನುರೈಯೀರಲ್' ವೈದ್ಯರು. ಕೆಮ್ಮು, ಉಬ್ಬಸ ನೋಡುವವರು ಇವರೇ. ಪ್ರಜ್ಞೆ ತಪ್ಪಿದ ರೋಗಿಯನ್ನು ಗಾಜಿನ ಬಾಗಿಲಿನ ಕೋಣೆಯಲ್ಲಿ ಮಲಗಿಸಿ, ಯಂತ್ರದಿಂದ ಉಸಿರು ಕೊಟ್ಟು ರಾತ್ರಿಯಿಡೀ ಕಾಯುವವರೂ ಇವರೇ. ಈ ಎರಡು ಕೆಲಸಗಳು ಒಬ್ಬರ ಹೆಗಲಿಗೆ ಹೇಗೆ ಬಂದವು? ಈ ವೃತ್ತಿಯ ಹಿನ್ನೆಲೆಯೇನು? ಇವತ್ತು ಈ ವಿಚಾರವಾಗಿ ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆಂದಿದ್ದೇನೆ.

ಇದು ಡಾಕ್ಟರುಗಳ ಕಥೆ, ನಮಗೇನು ಎಂದು ರೇಡಿಯೋ ನಿಲ್ಲಿಸಬೇಡಿ. ಈ ವೃತ್ತಿಯನ್ನು ರೂಪಿಸಿದವರಲ್ಲಿ ಹತ್ತಿ ಗಿರಣಿಯ ಕೂಲಿಗಳಿದ್ದಾರೆ, ಮದರಾಸಿನ ಬಡ ಓಣಿಗಳ ಜನರಿದ್ದಾರೆ, ತುಮಕೂರು ಸೀಮೆಯ ಹಳ್ಳಿಗರಿದ್ದಾರೆ. ಅವರು ತಮ್ಮ ಉಸಿರಿನ ಕಷ್ಟವನ್ನು ಹೇಳಿಕೊಂಡರು. ಯಾರೋ ಒಬ್ಬರು ಅದನ್ನು ಕಿವಿಗೊಟ್ಟು ಕೇಳಿದರು. ಹಾಗೆ ಕೇಳಿದಾಗಲೆಲ್ಲ ಈ ವಿದ್ಯೆ ಒಂದು ಹೆಜ್ಜೆ ಮುಂದೆ ಹೋಯಿತು. ಕೇಳದೇ ಇದ್ದಾಗ ಜನ ಸತ್ತರು. ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ನಮ್ಮ ಗಿರಣಿಗಳಿಂದಲೇ ಆರಂಭಿಸೋಣ.

ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿ ಆರಂಭವಾದದ್ದು 1888ರಲ್ಲಿ. ಜನರ ಬಾಯಲ್ಲಿ ಅದು ಸ್ಟೇನ್ಸ್ ಮಿಲ್ಲು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದರಂತೆ ಎದ್ದವು. ಕೊಯಮತ್ತೂರಿಗೆ ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಆ ಕಡೆ ತಿರುಪ್ಪೂರು ಹತ್ತಿಯ ಪೇಟೆಯಾಗಿ, ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳ ಊರಾಗಿ ಬೆಳೆದು, ಆಮೇಲೆ ಬನಿಯನ್ನಿನ ಊರಾಯಿತು. ಸಿರುಮುಗೈಯಲ್ಲಿ ಮಗ್ಗ ನಡೆಸುವ ದೇವಾಂಗದವರಿರಲಿ, ಕಾರಮಡೈ, ಅನ್ನೂರು, ಉಡುಮಲೈ ಕಡೆಯ ಒಕ್ಕಲಿಗರಿರಲಿ, ಕನ್ನಡ ಮಾತನಾಡುವ ನಮ್ಮ ಮನೆಗಳ ಅನ್ನಕ್ಕೂ ಹತ್ತಿಗೂ ಸಂಬಂಧ ಇದ್ದೇ ಇದೆ. ಮನೆಯಲ್ಲಿ 'ಹತ್ತಿ', ಗಿರಣಿಯಲ್ಲಿ 'ಪಂಜು'. ಮಾತು ಎರಡು, ಧೂಳು ಒಂದೇ.

ನೂಲಿನ ಗಿರಣಿಯೊಳಗೆ ಎಲ್ಲ ಕಡೆಯೂ ಧೂಳು ಒಂದೇ ಸಮ ಇರುವುದಿಲ್ಲ. ಹತ್ತಿಯ ಮೂಟೆ ಒಡೆದು ಬಡಿದು ಶುಚಿಮಾಡುವ ಕೋಣೆಯಲ್ಲಿ, ಎಳೆಗಳನ್ನು ಹಿಂಜುವ ಕಾರ್ಡಿಂಗ್ ಕೋಣೆಯಲ್ಲಿ ಅದು ಅತಿ ಹೆಚ್ಚು. ಆ ಧೂಳಿನಲ್ಲಿ ಬರಿಯ ನಾರಲ್ಲ, ಹತ್ತಿಕಾಯಿಯ ಸುತ್ತಲಿನ ಒಣ ಎಲೆಯ ಪುಡಿ ಇರುತ್ತದೆ. ಅದರ ಮೇಲೆ ಬೆಳೆದ ಸೂಕ್ಷ್ಮ ಜೀವಿಗಳ ವಿಷವೂ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಒಂದು ಬಗೆಯ ಎದೆ ಬಿಗಿತ ಬರುತ್ತದೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ಬಿಸ್ಸಿನೋಸಿಸ್ ಎಂದು ಹೆಸರು.

ಈ ರೋಗಕ್ಕೆ ಒಂದು ವಿಚಿತ್ರ ಗುಣವಿದೆ. ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುತ್ತದೆ. ಮರುದಿನ ಕಡಿಮೆಯಾಗುತ್ತದೆ, ವಾರದ ಕೊನೆಗೆ ಹಗುರವಾಗುತ್ತದೆ. ಭಾನುವಾರ ರಜೆ ಇದ್ದ ದೇಶಗಳಲ್ಲಿ ಇದು ಸೋಮವಾರದ ಕಾಯಿಲೆ ಎನಿಸಿಕೊಂಡಿತು. ನಮ್ಮಲ್ಲಿ ಯಾರಿಗಾದರೂ ವಾರದ ರಜೆ ಬುಧವಾರವಾದರೆ ಅವರ 'ಸೋಮವಾರ' ಗುರುವಾರ ಬರುತ್ತದೆ. ಸಾಮಾನ್ಯ ಉಬ್ಬಸ ಹೀಗೆ ವಾರ ನೋಡಿಕೊಂಡು ಬರುವುದಿಲ್ಲ. ಅಲಕ್ಷ್ಯ ಮಾಡಿ ಅದೇ ಧೂಳಿನಲ್ಲಿ ದುಡಿಯುತ್ತ ಹೋದರೆ, ಕೆಲವು ವರ್ಷಗಳಲ್ಲಿ ಬಿಗಿತ ವಾರದ ಎಲ್ಲ ದಿನವೂ ಉಳಿಯುತ್ತದೆ, ಆಮೇಲೆ ಕೆಲಸ ಬಿಟ್ಟರೂ ಹೋಗುವುದಿಲ್ಲ.

ಹಾಗಾದರೆ ವೈದ್ಯರು ಈ ರೋಗವನ್ನು ಹಿಡಿಯುವುದು ಹೇಗೆ? ಎದೆಯ ಎಕ್ಸ್‌ರೇಯಲ್ಲಿ ಇದಕ್ಕೆ ತನ್ನದೇ ಆದ ಗುರುತು ಇಲ್ಲ. ಎರಡು ಪ್ರಶ್ನೆ ಕೇಳಲೇಬೇಕು: ನೀವು ಏನು ಕೆಲಸ ಮಾಡುತ್ತೀರಿ? ಯಾವ ದಿನ ಎದೆ ಬಿಗಿಯುತ್ತದೆ?

ಮೊದಲ ಪ್ರಶ್ನೆಗೆ ಮುನ್ನೂರು ವರ್ಷಗಳ ಇತಿಹಾಸವಿದೆ. ಇಟಲಿಯ ಬರ್ನಾರ್ಡಿನೋ ರಾಮಝ್ಝಿನಿ ಎಂಬ ವೈದ್ಯರು 1700ರಲ್ಲಿ ಕೆಲಸಗಾರರ ರೋಗಗಳ ಬಗ್ಗೆ ಒಂದು ಗ್ರಂಥ ಬರೆದರು. ರೋಗಿಯನ್ನು ಪರೀಕ್ಷಿಸುವಾಗ ಹಳೆಯ ವೈದ್ಯರು ಕೇಳುತ್ತಿದ್ದ ಪ್ರಶ್ನೆಗಳ ಜೊತೆಗೆ, ನಿನ್ನ ಕಸುಬು ಯಾವುದು ಎಂಬುದನ್ನೂ ಕೇಳಬೇಕು ಎಂದು ಅವರು ಹೇಳಿದರು. ನಾರಗಸೆ, ಸೆಣಬು ಹಿಂಜುವವರ ಕೆಮ್ಮನ್ನು ಅವರು ಗುರುತಿಸಿದ್ದರು. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜೇಮ್ಸ್ ಫಿಲಿಪ್ಸ್ ಕೇ ಎಂಬ ವೈದ್ಯರು ಹತ್ತಿ ನೂಲುವವರ ಎದೆರೋಗವನ್ನು ವಿವರಿಸಿದರು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಎಂಬುವರು ಒಂದು ಸಲಕ್ಕೆ ಎಷ್ಟು ಗಾಳಿ ಊದಬಲ್ಲೆವು ಎಂದು ಅಳೆಯುವ ಉಪಕರಣವನ್ನು ತಂದರು. ಇವತ್ತೂ ಶ್ವಾಸಕೋಶದ ವೈದ್ಯರು 'ಊದಿ, ಊದಿ' ಎಂದು ನಮ್ಮಿಂದ ಊದಿಸುವುದು ಅದರ ಸಂತತಿಯ ಯಂತ್ರದಲ್ಲೇ. 1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಲ್ಯಾಂಕಷೈರಿನ ಗಿರಣಿಗಳಲ್ಲಿ ಕೆಲಸಗಾರರನ್ನು ಒಬ್ಬೊಬ್ಬರಾಗಿ ವಿಚಾರಿಸಿ, ಬಿಗಿತ ಮೊದಲ ದಿನ ಮಾತ್ರವೋ, ಉಳಿದ ದಿನವೂ ಇದೆಯೋ ಎಂಬುದರ ಮೇಲೆ ಬಿಸ್ಸಿನೋಸಿಸ್ಸಿನ ಮೆಟ್ಟಿಲುಗಳನ್ನು ಗುರುತಿಸಿದರು. ಮ್ಯಾಂಚೆಸ್ಟರಿನ ಹೆಸರು ನಮ್ಮ ಊರಿಗೆ ಬಂದಂತೆ ಅಲ್ಲಿನ ರೋಗವೂ ಬಂತು. ಅದನ್ನು ಪತ್ತೆ ಮಾಡುವ ವಿದ್ಯೆಯೂ ಹಿಂದಿನಿಂದ ಬಂತು ಎಂಬುದು ಸಮಾಧಾನ.

ರೋಗಕ್ಕೆ ಸರಿಯಾದ ಹೆಸರಿಡುವುದು ಬರಿಯ ಪಾಂಡಿತ್ಯವಲ್ಲ. ಭಾರತದ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಬಿಸ್ಸಿನೋಸಿಸ್ ಸೇರಿತ್ತು. ಆ ಪಟ್ಟಿಯಲ್ಲಿದ್ದ ರೋಗವನ್ನು ಕಂಡ ವೈದ್ಯರು ಸರಕಾರಕ್ಕೆ ತಿಳಿಸಬೇಕಿತ್ತು. ಅದೇ ವರ್ಷ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯೂ ಬಂತು, ಇ.ಎಸ್.ಐ. ಎಂದು ನಾವು ಕರೆಯುವ ಆ ಯೋಜನೆ 1955ರಲ್ಲಿ ಕೊಯಮತ್ತೂರಿಗೆ ಕಾಲಿಟ್ಟಿತು. ಚೀಟಿಯಲ್ಲಿ 'ಉಬ್ಬಸ' ಎಂದು ಬರೆದರೆ ಅದು ಕೂಲಿಯ ಹಣೆಬರಹ. 'ಬಿಸ್ಸಿನೋಸಿಸ್' ಎಂದು ಬರೆದರೆ ಅದು ಕೆಲಸದಿಂದ ಬಂದ ರೋಗ, ಅದಕ್ಕೆ ಪರಿಹಾರ ಕೇಳುವ ಹಕ್ಕುಂಟು. ಒಂದು ಪ್ರಶ್ನೆ ಕೇಳಿದರೋ ಇಲ್ಲವೋ ಎಂಬುದರ ಮೇಲೆ ಒಂದು ಮನೆಯ ಊಟ ನಿಂತಿರಬಹುದು.

ಇದು ಧೂಳಿನ ಕಥೆ. ಶ್ವಾಸಕೋಶದ ವೈದ್ಯರ ಇನ್ನೊಂದು ಮೂಲ ಇರುವುದು ಕ್ಷಯದಲ್ಲಿ. ತಮಿಳಿನಲ್ಲಿ 'ಕಾಸನೋಯ್', ಎಲ್ಲರ ಬಾಯಲ್ಲಿ ಟಿ.ಬಿ. ಈ ವೈದ್ಯರ ಪರಂಪರೆ ನಿಜಕ್ಕೂ ಬೆಳೆದದ್ದು ಆ ರೋಗದ ಎದುರಿನಲ್ಲೇ.

ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು ಕೇಳುವುದನ್ನು 1816ರಲ್ಲಿ ಆರಂಭಿಸಿದವರು ಪ್ಯಾರಿಸ್ಸಿನ ಲೆನೆಕ್. ಅವರ ಮೊದಲ ಉಪಕರಣ ಸುರುಳಿ ಸುತ್ತಿದ ಕಾಗದ. ಕ್ಷಯದ ಎದೆಯ ಸದ್ದುಗಳನ್ನು ಜಗತ್ತಿಗೆ ಕಲಿಸಿದ ಆ ವೈದ್ಯರೇ 1826ರಲ್ಲಿ ಕ್ಷಯದಿಂದ ತೀರಿಕೊಂಡರು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕೋಖ್ ಈ ರೋಗಕ್ಕೆ ಕಾರಣವಾದ ಜೀವಾಣುವನ್ನು ಪ್ರಕಟಿಸಿದರು. ಕಾರಣ ತಿಳಿಯಿತು, ಔಷಧ ಮಾತ್ರ ಇನ್ನೂ ಅರವತ್ತು ವರ್ಷ ಸಿಗಲಿಲ್ಲ. ಅಷ್ಟು ಕಾಲ ವೈದ್ಯರ ಕೈಯಲ್ಲಿ ಇದ್ದದ್ದು ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಯ ಊಟ. ಇವನ್ನು ಕೊಡಲು ಊರ ಹೊರಗೆ ಕಟ್ಟಿದ ಆಸ್ಪತ್ರೆಗಳೇ ಸ್ಯಾನಿಟೋರಿಯಂಗಳು.

ನಮ್ಮ ಸುತ್ತಮುತ್ತ ಅಂಥವು ಹಲವು ಹುಟ್ಟಿದವು. ಮದನಪಲ್ಲಿಯ ಆರೋಗ್ಯವರಂ ಸ್ಯಾನಿಟೋರಿಯಂ 1915ರಲ್ಲಿ ತೆರೆಯಿತು. ಅದನ್ನು ನಡೆಸಿದವರು ಡೆನ್ಮಾರ್ಕಿನಿಂದ ಬಂದ ವೈದ್ಯ ಕ್ರಿಸ್ಟಿಯನ್ ಫ್ರಿಮೋಟ್ ಮೊಲ್ಲರ್. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಆ ದುಃಖದಿಂದ 1921ರಲ್ಲಿ ಅವರ ಹೆಸರಿನ ಸ್ಯಾನಿಟೋರಿಯಂ ಆಯಿತು. ಅರಮನೆಯ ಗೋಡೆಯೂ ಈ ರೋಗವನ್ನು ತಡೆಯಲಿಲ್ಲ ನೋಡಿ. ಮದರಾಸಿನ ಬಳಿ ತಾಂಬರಂನಲ್ಲಿ 1928ರಲ್ಲಿ ಡಾಕ್ಟರ್ ಚೌರಿ ಮುತ್ತು ಅವರು ಒಂದನ್ನು ಸ್ಥಾಪಿಸಿದರು. ನಮಗೆ ಹತ್ತಿರದ್ದು ಪೆರುಂದುರೈ. 1979ರವರೆಗೆ ಅದು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅಲ್ಲಿನ ಅಂಚೆಯ ವಿಳಾಸದಲ್ಲಿ ಇಂದಿಗೂ 'ಸ್ಯಾನಿಟೋರಿಯಂ' ಎಂಬ ಮಾತಿದೆ. ಆ ಆವರಣದಲ್ಲೇ 1992ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು.

ಆ ಕಾಲದ ಸ್ಯಾನಿಟೋರಿಯಂ ವೈದ್ಯರ ಕೆಲಸ ಎಂಥದು? ಒಂದೊಂದು ರೋಗಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡುವುದು. ಜ್ವರ, ತೂಕ ಬರೆದಿಡುವುದು. ರೋಗ ಹಿಡಿದ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲೆಂದು ಸೂಜಿಯಿಂದ ಎದೆಯ ಗೂಡಿಗೆ ಗಾಳಿ ತುಂಬಿ ಅದನ್ನು ಕುಗ್ಗಿಸುವುದು. ಗುಣ ಮಾಡುವ ಭರವಸೆ ಕಡಿಮೆ, ತಾಳ್ಮೆ ಮಾತ್ರ ಅಪಾರವಾಗಿ ಬೇಕಿತ್ತು. ರೋಗಿಗೂ ಅಷ್ಟೇ ಕಷ್ಟ. ಮನೆ, ಕೆಲಸ, ಮಕ್ಕಳು ಎಲ್ಲ ಬಿಟ್ಟು ಹೋಗಬೇಕು. ಹೋದವರು ಮರಳುವರೋ ಇಲ್ಲವೋ ತಿಳಿಯದು. 'ಪೆರುಂದುರೈಗೆ ಕಳಿಸಿದರು' ಎಂದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದ ಕಾಲ ಅದು.

1943ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು, 1952ರಲ್ಲಿ ಐಸೋನಿಯಾಜಿಡ್ ಬಂತು. ಈಗ ಪ್ರಶ್ನೆ ಬದಲಾಯಿತು. ಮಾತ್ರೆಯಿಂದ ಗುಣವಾಗುವುದಾದರೆ ಸ್ಯಾನಿಟೋರಿಯಂ ಬೇಕೇ? ಇದಕ್ಕೆ ಉತ್ತರ ಕೊಟ್ಟದ್ದು ಲಂಡನ್ನೂ ಅಲ್ಲ, ನ್ಯೂಯಾರ್ಕೂ ಅಲ್ಲ, ನಮ್ಮ ಮದರಾಸು. 1956ರಲ್ಲಿ ಅಲ್ಲಿ ಕ್ಷಯ ಔಷಧ ಚಿಕಿತ್ಸೆಯ ಕೇಂದ್ರವೊಂದು ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಕೂಡಿ ನಡೆಸಿದ ಕೆಲಸ. ನಗರದ ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಿಟೋರಿಯಂಗೆ ಕಳುಹಿಸಿದರು, ಇನ್ನರ್ಧ ಜನ ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಇದ್ದು ಮಾತ್ರೆ ನುಂಗಿದರು. ಒಂದು ವರ್ಷವಾದ ಮೇಲೆ ನೋಡಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಫಲ. ಮನೆಯಲ್ಲಿ ಇದ್ದವರ ಊಟ ಕಡಿಮೆ, ದುಡಿತ ಹೆಚ್ಚು, ಆದರೂ ಗುಣವಾದರು. ಮನೆಯವರಿಗೆ ಅದರಿಂದ ರೋಗ ಹೆಚ್ಚಾಗಿ ಅಂಟಲೂ ಇಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳ ಅಗತ್ಯ ಕುಗ್ಗುತ್ತ ಬಂತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಆರಂಭವಾಯಿತು. ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಹಳ್ಳಿಯ ರೋಗಿಗಳನ್ನು ತಲಪುವುದು ಹೇಗೆ ಎಂಬುದು ಅದರ ಮುಂದಿದ್ದ ಪ್ರಶ್ನೆ. ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಓದಿದವರಲ್ಲಿ ಸಾಮಾನ್ಯವಾಗಿತ್ತು. ಆ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಮತ್ತು ದೇಬಬರ್ ಬ್ಯಾನರ್ಜಿ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ನೋಡಿದರು. 1963ರಲ್ಲಿ ಪ್ರಕಟವಾದ ಅವರ ವರದಿ ಬೇರೆಯೇ ಮಾತು ಹೇಳಿತು. ಕ್ಷಯ ಇದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ಕಾಯಿಲೆಯ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕಫದ ಪರೀಕ್ಷೆಯಲ್ಲ, ಒಂದು ಬಾಟಲಿ ಕೆಮ್ಮಿನ ಔಷಧ.

ಕೇಳುಗರೇ, ಈ ಮಾತನ್ನು ಸ್ವಲ್ಪ ನಿಂತು ಯೋಚಿಸಿ. ಹಳ್ಳಿಯವರು ಬರಲಿಲ್ಲ ಎಂಬುದಲ್ಲ. ಬಂದರು, ಹೇಳಿದರು, ಆದರೆ ಕೇಳುವವರು ಇರಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತಿತು. ಮನೆಮನೆಗೆ ಎಕ್ಸ್‌ರೇ ಗಾಡಿ ಕಳುಹಿಸುವ ಬದಲು, ಕೆಮ್ಮಿಕೊಂಡು ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎಂಬ ಕ್ರಮ ಬಂತು.

ಇನ್ನು ಸ್ಯಾನಿಟೋರಿಯಂ ವೈದ್ಯರು ಏನಾದರು? ಅವರ ಬಳಿ ಶ್ವಾಸಕೋಶದ ವಿದ್ಯೆ ಇತ್ತು, ಹಾಸಿಗೆಗಳು ಖಾಲಿಯಾಗುತ್ತಿದ್ದವು. ಅವರ ಗಮನ ಬೀಡಿ ಸಿಗರೇಟಿನಿಂದ ಬಂದ ದಮ್ಮು, ಗೂರಲು, ಧೂಳಿನ ರೋಗ, ಎದೆಯ ಕ್ಯಾನ್ಸರ್ ಇವುಗಳ ಕಡೆ ತಿರುಗಿತು. ಅಮೆರಿಕದ ವೈದ್ಯರ ಸಂಘವೊಂದರ ಹೆಸರಿನಲ್ಲೇ ಈ ಬದಲಾವಣೆ ಕಾಣುತ್ತದೆ: 1905ರಲ್ಲಿ ಅದು ಸ್ಯಾನಿಟೋರಿಯಂ ಸಂಘವಾಗಿ ಹುಟ್ಟಿತು, 1960ರಲ್ಲಿ ಎದೆರೋಗದ ಸಂಘ ಎಂಬ ಅರ್ಥದ ಹೆಸರು ತಾಳಿತು. ನಮ್ಮ ದೇಶದಲ್ಲಿ 1949ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆ ಸ್ಥಾಪನೆಯಾಯಿತು. ಅದನ್ನು ಕಟ್ಟಿ ಬೆಳೆಸಿದವರು ಡಾಕ್ಟರ್ ರಾಮನ್ ವಿಶ್ವನಾಥನ್. ಕಾಲೇಜುಗಳಲ್ಲಿ 'ಕ್ಷಯ ವಿಭಾಗ' ಎಂದಿದ್ದದ್ದು 'ಕ್ಷಯ ಮತ್ತು ಎದೆರೋಗ ವಿಭಾಗ' ಆಯಿತು, ಆಮೇಲೆ 'ಶ್ವಾಸಕೋಶ ವಿಭಾಗ' ಆಯಿತು.

ಇಲ್ಲಿಯವರೆಗೆ ಫಲಕದ ಮೊದಲರ್ಧ ಹೇಳಿದೆ. ತೀವ್ರ ನಿಗಾ ಎಂಬ ಉಳಿದರ್ಧಕ್ಕೆ ಡೆನ್ಮಾರ್ಕಿಗೆ ಹೋಗಬೇಕು. ಮದನಪಲ್ಲಿಗೆ ವೈದ್ಯರನ್ನು ಕಳುಹಿಸಿದ್ದ ಅದೇ ದೇಶದ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ 1952ರಲ್ಲಿ ಪೋಲಿಯೋ ಮಾರಿಯಂತೆ ಎರಗಿತು. ಪೋಲಿಯೋ ಎಂದರೆ ಕಾಲಿನ ಸ್ವಾಧೀನ ಹೋಗುವುದು ಮಾತ್ರವಲ್ಲ. ಕೆಲವರಿಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಅಂಥವರನ್ನು 1928ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ 'ಕಬ್ಬಿಣದ ಶ್ವಾಸಕೋಶ' ಎಂಬ ಪೆಟ್ಟಿಗೆಯಲ್ಲಿ ಕುತ್ತಿಗೆಯವರೆಗೆ ಮಲಗಿಸುತ್ತಿದ್ದರು. ಪೆಟ್ಟಿಗೆಯೊಳಗಿನ ಗಾಳಿಯನ್ನು ಹೀರಿದಾಗ ಎದೆ ಹಿಗ್ಗಿ ಉಸಿರು ಒಳಗೆ ಬರುತ್ತಿತ್ತು. ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಅಂಥ ದೊಡ್ಡ ಪೆಟ್ಟಿಗೆ ಇದ್ದದ್ದು ಒಂದೇ. ಎದೆಗೆ ಕಟ್ಟುವ ಸಣ್ಣವು ಆರು. ಯಂತ್ರಗಳ ನೆರವು ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು.

ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರನ್ನು ಕರೆಸಿದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರೋಗಿಗೆ ಮದ್ದು ಕೊಟ್ಟು ಮಲಗಿಸಿ, ರಬ್ಬರ್ ಚೀಲ ಹಿಸುಕಿ ಗಾಳಿಯನ್ನು ಒಳಗೆ ತಳ್ಳುವುದು ಅವರಿಗೆ ನಿತ್ಯದ ಕೆಲಸ. ಅದನ್ನೇ ಇಲ್ಲಿ ಏಕೆ ಮಾಡಬಾರದು ಎಂದರು. ಆಗಸ್ಟ್ 27ರಂದು, ಉಸಿರುಗಟ್ಟಿ ಸಾಯುತ್ತಿದ್ದ 12 ವರ್ಷದ ಒಬ್ಬ ಹುಡುಗಿಯ ಗಂಟಲಿಗೆ ರಂಧ್ರ ಮಾಡಿಸಿ, ಕೊಳವೆ ಹಾಕಿ, ಕೈಯಿಂದ ಚೀಲ ಹಿಸುಕಿದರು. ಹುಡುಗಿ ಬದುಕಿದಳು. ಇನ್ನುಳಿದ ರೋಗಿಗಳಿಗೆ? ಯಂತ್ರವಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು, ದಂತವೈದ್ಯ ವಿದ್ಯಾರ್ಥಿಗಳು ಸುಮಾರು 1,500 ಮಂದಿ ಸರದಿಯ ಮೇಲೆ ಬಂದು, ಹಾಸಿಗೆಯ ಪಕ್ಕದಲ್ಲಿ ಕುಳಿತು, ಹಗಲೂ ರಾತ್ರಿ, ತಿಂಗಳುಗಳ ಕಾಲ ಕೈಯಿಂದ ಚೀಲ ಹಿಸುಕಿದರು. ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು.

ಹೀಗೆ ಉಸಿರು ನಿಂತವರನ್ನೆಲ್ಲ ಒಂದೇ ಕೋಣೆಯಲ್ಲಿಟ್ಟು, ಪ್ರತಿ ಹಾಸಿಗೆಗೂ ಒಬ್ಬರು ಎಚ್ಚರವಾಗಿದ್ದು ಕಾಯುವುದು ರೂಢಿಗೆ ಬಂತು. 1953ರ ಕೊನೆಗೆ ಇಬ್ಸೆನ್ ಅವರು ಅದೇ ನಗರದಲ್ಲಿ ಅದಕ್ಕಾಗಿಯೇ ಒಂದು ವಿಭಾಗ ತೆರೆದರು. ಇಂದಿನ ಐ.ಸಿ.ಯು. ಎಂಬ ಕೋಣೆಯ ಆರಂಭ ಅದು. ವಿದ್ಯಾರ್ಥಿಗಳ ಕೈಯ ಕೆಲಸವನ್ನು ಮುಂದೆ ವೆಂಟಿಲೇಟರ್ ಎಂಬ ಯಂತ್ರ ವಹಿಸಿಕೊಂಡಿತು. 1967ರಲ್ಲಿ ಅಮೆರಿಕದ ಡೆನ್ವರಿನ ವೈದ್ಯರು 12 ರೋಗಿಗಳಲ್ಲಿ ಒಂದು ಸ್ಥಿತಿಯನ್ನು ವಿವರಿಸಿದರು: ಅಪಘಾತವೋ ಸೋಂಕೋ ಯಾವುದೇ ಕಾರಣದಿಂದ ಶ್ವಾಸಕೋಶವೆಲ್ಲ ನೀರು ತುಂಬಿ ಗಡುಸಾಗುವುದು. ಮೈಯ ಯಾವ ಭಾಗಕ್ಕೆ ದೊಡ್ಡ ಆಪತ್ತು ಬಂದರೂ ಅದು ಕೊನೆಗೆ ಉಸಿರಿಗೆ ಬರುತ್ತದೆ ಎಂದು ತಿಳಿದ ಮೇಲೆ, ಶ್ವಾಸಕೋಶದ ವೈದ್ಯರು ಆ ಕೋಣೆಗೆ ಬಂದು ನಿಂತದ್ದು ಸಹಜವೇ ಆಯಿತು.

ನಮ್ಮ ದೇಶದಲ್ಲಿ ಇದಕ್ಕೆ ದಾರಿ ಮಾಡಿದವರಲ್ಲಿ ಮುಂಬಯಿಯ ಡಾಕ್ಟರ್ ಫರೋಖ್ ಉದ್ವಾಡಿಯಾ ಮುಖ್ಯರು. ತುಕ್ಕು ಮೊಳೆ ಚುಚ್ಚಿ ಧನುರ್ವಾಯು ಬಂದ ಬಡವರನ್ನು ಜೆ.ಜೆ. ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಮೇಲಿಟ್ಟು ಅವರು ಉಳಿಸಿದರು. ತೀವ್ರ ನಿಗಾ ವೈದ್ಯರ ಅಖಿಲ ಭಾರತ ಸಂಘ 1993ರಲ್ಲಿ ಹುಟ್ಟಿತು.

ಈಗ ಫಲಕದ ಮೇಲೆ ಹೆಸರಿನ ಮುಂದಿರುವ ಅಕ್ಷರಗಳಿಗೆ ಬರೋಣ. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆ ತರಬೇತಿ. ಆಮೇಲೆ ಎಂ.ಡಿ.; ಶ್ವಾಸಕೋಶ ವಿಭಾಗದಲ್ಲಿ ಅಥವಾ ಸಾಮಾನ್ಯ ವೈದ್ಯದಲ್ಲಿ ಮೂರು ವರ್ಷ. ಅದರ ಮೇಲೆ ಶ್ವಾಸಕೋಶ ಮತ್ತು ತೀವ್ರ ನಿಗಾದಲ್ಲಿ ಡಿ.ಎಂ. ಮಾಡಿದರೆ ಇನ್ನೂ ಮೂರು ವರ್ಷ. ಎಲ್ಲ ಕೂಡಿದರೆ ಹನ್ನೊಂದೂವರೆ ವರ್ಷ; ನಡುವೆ ಒಂದು ಪ್ರವೇಶ ಪರೀಕ್ಷೆ ತಪ್ಪಿದರೂ ಇನ್ನೊಂದು ವರ್ಷ. ಹದಿನೆಂಟಕ್ಕೆ ಕಾಲೇಜು ಸೇರಿದ ಮಗ ಅಥವಾ ಮಗಳು ಮೂವತ್ತಕ್ಕೆ ಈ ಫಲಕ ಹಾಕಬಹುದು.

ನಮ್ಮ ಊರುಗಳಲ್ಲಿ ಈ ಓದಿನ ಬಾಗಿಲು ತಡವಾಗಿ ತೆರೆಯಿತು. ಕೊಯಮತ್ತೂರಿನ ಸರಕಾರಿ ವೈದ್ಯಕೀಯ ಕಾಲೇಜು 1966ರದು. ಪಿ.ಎಸ್.ಜಿ. ವೈದ್ಯಕೀಯ ಕಾಲೇಜು 1985ರದು. ಅದರ ಹಿಂದಿರುವ ಧರ್ಮದತ್ತಿಯನ್ನು 1926ರಲ್ಲಿ ಸ್ಥಾಪಿಸಿದವರು ಗಿರಣಿ ನಡೆಸಿದ ಮನೆತನದವರು. 1952ರ ಕುಪ್ಪುಸ್ವಾಮಿ ನಾಯ್ಡು ಆಸ್ಪತ್ರೆಯೂ ಲಕ್ಷ್ಮೀ ಮಿಲ್ಲಿನ ಮನೆತನದ್ದು. ಧೂಳೂ ಹತ್ತಿಯಿಂದ ಬಂತು, ಆಸ್ಪತ್ರೆಯೂ ಹತ್ತಿಯಿಂದ ಬಂತು. ನಮ್ಮ ನಾಡಿನ ಲೆಕ್ಕದಲ್ಲಿ ಎರಡನ್ನೂ ಬರೆಯಬೇಕು. 2009ರಲ್ಲಿ ಜಿಲ್ಲೆಯಾದ ತಿರುಪ್ಪೂರಿಗೆ ಸರಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾದದ್ದು 2022ರ ಜನವರಿಯಲ್ಲಿ.

ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಎಂದು ನಿಮಗೆ ಹೇಳಬೇಕಾಗಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಕೊಯಮತ್ತೂರಿನ ಇ.ಎಸ್.ಐ. ಆಸ್ಪತ್ರೆಯನ್ನು ಆ ರೋಗಿಗಳಿಗೆಂದೇ ಮೀಸಲಿಟ್ಟರು. ಗಿರಣಿ ಕೂಲಿಗಳಿಗೆಂದು ಕಟ್ಟಿದ ವ್ಯವಸ್ಥೆ ಊರಿಗೆಲ್ಲ ಒದಗಿತು. ಶ್ವಾಸಕೋಶದ ವೈದ್ಯರು ಎಂಬ ಮಾತನ್ನು ಮೊದಲ ಸಲ ಕೇಳಿದವರು ಅಂದು ಎಷ್ಟೋ ಜನ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಉಪಕರಣವನ್ನು ಹಳ್ಳಿಯ ಅಜ್ಜಿಯರೂ ಕಲಿತರು. ಅದರ ತತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಹಿಡಿದ ಜಪಾನಿನ ತಕುವೊ ಅಯೋಯಾಗಿ ಅವರು ಅದೇ 2020ರಲ್ಲಿ ತೀರಿಕೊಂಡರು.

ಕೇಳುಗರೇ, ಈ ಇತಿಹಾಸದಿಂದ ನಮಗೆ ಏನು ಉಪಯೋಗ? ಐ.ಸಿ.ಯು. ಕೋಣೆ ಎಷ್ಟೇ ದೊಡ್ಡದಾದರೂ ಅದು ಕೊನೆಯ ಬಾಗಿಲು. ಅಲ್ಲಿಗೆ ಬರುವವರಲ್ಲಿ ಬಹಳ ಜನ ತಿಂಗಳುಗಳ ಹಿಂದೆ ಒಂದು ಕೆಮ್ಮಿನಿಂದ, ಒಂದು ಬಿಗಿತದಿಂದ ಆರಂಭಿಸಿದವರು. ಮೊದಲ ಬಾಗಿಲಿನಲ್ಲಿ ಕೇಳಿದ್ದರೆ ಕೊನೆಯ ಬಾಗಿಲಿಗೆ ಬರಬೇಕಾಗಿರಲಿಲ್ಲ. 2022ರಲ್ಲಿ ತಮಿಳುನಾಡು ಸರಕಾರ ಆರಂಭಿಸಿದ 'ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ', ಎಂದರೆ ಕ್ಷಯದ ಸಾವಿಲ್ಲದ ಯೋಜನೆ, ಈ ಪಾಠದಿಂದಲೇ ಬಂದದ್ದೆಂದು ನನಗೆ ತೋರುತ್ತದೆ. ಕ್ಷಯ ಎಂದು ಗೊತ್ತಾದ ಕೂಡಲೇ ರೋಗಿಯ ತೂಕ ಎತ್ತರ, ನಿಮಿಷಕ್ಕೆ ಎಷ್ಟು ಉಸಿರು, ಆಮ್ಲಜನಕ ಎಷ್ಟು, ಕಾಲು ಊದಿದೆಯೇ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂದು ನೋಡುತ್ತಾರೆ. ಸ್ಥಿತಿ ಬಿಗಡಾಯಿಸಿದವರನ್ನು ಮಾತ್ರೆ ಕೊಟ್ಟು ಮನೆಗೆ ಕಳುಹಿಸದೆ ಆಸ್ಪತ್ರೆಗೆ ಸೇರಿಸುತ್ತಾರೆ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ನೋಡುವ ಕಣ್ಣು, ಎಣಿಸುವ ತಾಳ್ಮೆ ಇದ್ದರೆ ಸಾಕು.

ನಮ್ಮ ಪಾಲಿನ ಕೆಲಸವೂ ಇದೆ. ಎರಡು ವಾರ ಮೀರಿದ ಕೆಮ್ಮು ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಫ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ. ಪರೀಕ್ಷೆಯೂ ಮಾತ್ರೆಯೂ ಉಚಿತ. 2024ರ ನವೆಂಬರಿನಿಂದ ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿಯೂ ಉಂಟು. ವೈದ್ಯರ ಮುಂದೆ ಕುಳಿತಾಗ ನಿಮ್ಮ ಕಸುಬನ್ನು ಅವರು ಕೇಳದಿದ್ದರೂ ಹೇಳಿ. ಕಾರ್ಡಿಂಗ್ ಕೋಣೆಯೋ, ಹತ್ತಿಯ ತ್ಯಾಜ್ಯದಿಂದ ನೂಲು ತೆಗೆಯುವ ಗಿರಣಿಯೋ, ಮರಳಿನ ಅಚ್ಚು ಮಾಡುವ ಫೌಂಡ್ರಿಯೋ, ಪಲ್ಲಡದ ಕೋಳಿ ಫಾರಮ್ಮೋ, ಸೌದೆ ಒಲೆಯೋ, ಇದ್ದದ್ದನ್ನು ಹೇಳಿ. ಯಾವ ದಿನ ಹೆಚ್ಚು, ರಜೆಯಲ್ಲಿ ಕಡಿಮೆಯೇ, ಅದನ್ನೂ ಹೇಳಿ.

ಮಾತಿನ ಬಗ್ಗೆ ನಾಚಿಕೆ ಬೇಡ. ಮನೆಯಲ್ಲಿ ನಾವು ದಮ್ಮು, ಉಬ್ಬಸ, ಏದುಸಿರು ಎನ್ನುತ್ತೇವೆ. ಹೊರಗೆ ಇಳೈಪ್ಪು, ಮೂಚ್ಚು ತಿಣರಲ್ ಎನ್ನುತ್ತೇವೆ. ಇವೆಲ್ಲ ಒಂದೇ ಅಲ್ಲ. ಸೀಟಿಯಂತೆ ಸದ್ದು ಬರುವುದು ಬೇರೆ, ಮೆಟ್ಟಿಲು ಹತ್ತಿದರೆ ಮಾತ್ರ ಏದುಸಿರು ಬರುವುದು ಬೇರೆ, ಎದೆಗೆ ಹಗ್ಗ ಬಿಗಿದಂತಾಗುವುದು ಬೇರೆ. ಮನೆಯ ಹಿರಿಯರಿಗೆ ತಮಿಳಿನಲ್ಲಿ ಬಿಡಿಸಿ ಹೇಳಲು ಬಾರದಿದ್ದರೆ ಮೊಮ್ಮಕ್ಕಳು ಜೊತೆಗೆ ಹೋಗಿ, ಅವರು ಹೇಳಿದ್ದನ್ನು ಹೇಳಿದಂತೆಯೇ ತಿಳಿಸಲಿ. ಎರಡು ಭಾಷೆ ಬಲ್ಲ ನಮಗೆ ಇದು ಕಷ್ಟದ ಕೆಲಸವೇನಲ್ಲ.

ಆ ವೈದ್ಯರು ಹನ್ನೊಂದೂವರೆ ವರ್ಷ ಓದಿ ಬಂದಿರುತ್ತಾರೆ. ಆದರೆ ನಿಮ್ಮ ಎದೆಯ ಮೇಲೆ ಯಾವ ದಿನ ಭಾರ ಕೂರುತ್ತದೆ ಎಂಬುದು ನಿಮಗೆ ಮಾತ್ರ ಗೊತ್ತು. ಅದನ್ನು ಹೇಳದೆ ಬರಬೇಡಿ.